ಬಾಗಿದ ಅಲಗಿಗೆ ಕ್ಲ್ಯಾಂಪ್ ಸಾಣೆ: ಕೋನ ಎಷ್ಟು ಸ್ಥಿರ?

ಹೊಸಪೇಟೆಯಿಂದ ಹಂಪಿಗೆ ಹೋಗುವ ದಾರಿಯಲ್ಲಿರುವ ಮಲಪನಗುಡಿಯ ಸುತ್ತಮುತ್ತ ಕಬ್ಬು, ಬಾಳೆ, ಭತ್ತದ ಬೇಸಾಯವಿದೆ. ಇಂಥ ಹೊಲಗದ್ದೆಗಳಲ್ಲಿ ಬಳಸುವ ಕುಡುಗೋಲು, ಮಚ್ಚುಗಳಲ್ಲಾಗಲಿ ಅಡುಗೆಮನೆಯ ಚಾಕುಗಳಲ್ಲಾಗಲಿ ಪೂರ್ತಿ ನೇರವಾದ ಅಲಗು ಅಪರೂಪ. ಮೊಂಡಾದ ಅಲಗಿಗೆ ಹೆಚ್ಚು ಬಲ ಬೇಕು. ಬಲ ಹೆಚ್ಚಾದಷ್ಟೂ ಅಲಗು ಜಾರಿ ಕೈಗೆ ತಗಲುವ ಅಪಾಯವೂ ಹೆಚ್ಚು. ಹೀಗಾಗಿ ಸಾಣೆಯ ಗುಣಮಟ್ಟ ದುಡಿಯುವವರ ಸುರಕ್ಷತೆಯ ಪ್ರಶ್ನೆಯೂ ಹೌದು.

ಸಾಣೆ ಹಿಡಿಯುವಾಗ ಕಲ್ಲಿಗೂ ಅಲಗಿಗೂ ನಡುವಿನ ಕೋನ ಬದಲಾಗದಂತೆ ನೋಡಿಕೊಳ್ಳುವುದೇ ಕಷ್ಟದ ಕೆಲಸ. ಇದಕ್ಕೆ ಪರಿಹಾರವಾಗಿ ಕ್ಲ್ಯಾಂಪ್ ಸಾಣೆ ಸಾಧನಗಳು ಮಾರಾಟದಲ್ಲಿವೆ. ಚಾಕುವಿನ ಬೆನ್ನನ್ನು ಕ್ಲ್ಯಾಂಪಿನಲ್ಲಿ ಬಿಗಿಯಲಾಗುತ್ತದೆ. ಸಾಣೆಕಲ್ಲಿಗೆ ಜೋಡಿಸಿದ ಸರಳು, ಬೆನ್ನಿನ ಕಡೆ ಸ್ವಲ್ಪ ಎತ್ತರದಲ್ಲಿರುವ ಒಂದು ರಂಧ್ರದಲ್ಲಿ ಹಿಂದೆ ಮುಂದೆ ಜಾರುತ್ತದೆ. ಲ್ಯಾನ್ಸ್ಕಿ ಎಂಬ ಸಾಧನದಲ್ಲಿ 17°, 20°, 25°, 30° ಎಂದು ಗುರುತಿಸಿದ ರಂಧ್ರಗಳಿವೆ.

ಈ ಸಾಧನಗಳ ಬಗ್ಗೆ ಎರಡು ಮಾತುಗಳು ಪ್ರಚಾರದಲ್ಲಿವೆ. ಅಲಗಿನ ಉದ್ದಕ್ಕೂ ಒಂದೇ ಕೋನ ಸಿಗುತ್ತದೆ ಎಂಬುದು ಹೊಗಳುವವರ ಮಾತು. ರಂಧ್ರದಿಂದ ದೂರ ಹೋದಂತೆ ಕೋನ ಕಡಿಮೆಯಾಗಲೇಬೇಕು, ನೇರ ಅಲಗಿನಲ್ಲೂ ಹಾಗೆಯೇ ಎಂಬುದು ತೆಗಳುವವರ ಮಾತು. ಎರಡನ್ನೂ ಪರೀಕ್ಷಿಸೋಣ.

ನೇರ ಅಲಗಿನಲ್ಲಿ

ಅಲಗಿನ ಸಮತಲದಿಂದ ರಂಧ್ರ 5.46 ಸೆಂ.ಮೀ. ಎತ್ತರದಲ್ಲಿದೆ ಎನ್ನೋಣ. ಆ ಸಮತಲದಲ್ಲಿ ರಂಧ್ರದ ನೇರ ಕೆಳಗಿನ ಬಿಂದುವನ್ನು 'ಪಾದ' ಎಂದು ಕರೆಯೋಣ. ಪಾದದಿಂದ ಅಲಗಿನ ಅಂಚಿಗೆ ಲಂಬದೂರ 15 ಸೆಂ.ಮೀ. ಇರಲಿ. ಎತ್ತರವನ್ನು ಲಂಬದೂರದಿಂದ ಭಾಗಿಸಿದರೆ 0.364. ಇದು 20° ಕೋನದ ಟ್ಯಾನ್ ಬೆಲೆ.

ಈಗ ಕಲ್ಲನ್ನು ಅಂಚಿನ ಗುಂಟ 10 ಸೆಂ.ಮೀ. ಆಚೆಗೆ ಒಯ್ಯಿರಿ. ಪಾದದಿಂದ ಆ ಬಿಂದುವಿಗೆ ದೂರ ಸುಮಾರು 18 ಸೆಂ.ಮೀ. ಆಗುತ್ತದೆ. 5.46ನ್ನು 18ರಿಂದ ಭಾಗಿಸಿ, ಕೋನ 16.9°ಗೆ ಇಳಿಯಿತು ಎನ್ನುವುದು ತೆಗಳುವವರ ಲೆಕ್ಕ. ಭಾಗಾಕಾರ ಸರಿಯಾಗಿದೆ, ಆದರೆ ಅಳೆದ ಕೋನ ಬೇರೆ. 16.9° ಎಂಬುದು ಸರಳಿನ ಓರೆ. ಸಾಣೆಗೆ ಬೇಕಾದದ್ದು ಕಲ್ಲಿನ ಸಮತಲಕ್ಕೂ ಅಲಗಿನ ಸಮತಲಕ್ಕೂ ನಡುವಿನ ಕೋನ. ಕಲ್ಲಿನ ಸಮತಲ ರಂಧ್ರವನ್ನೂ ಅಂಚಿನ ಇಡೀ ಗೆರೆಯನ್ನೂ ಒಳಗೊಂಡಿರುತ್ತದೆ. ಒಂದು ಗೆರೆ ಮತ್ತು ಅದರ ಹೊರಗಿನ ಒಂದು ಬಿಂದುವಿನ ಮೂಲಕ ಒಂದೇ ಸಮತಲ ಸಾಧ್ಯ. ಆದ್ದರಿಂದ ಕೋನ 20°ಯಾಗಿಯೇ ಉಳಿಯುತ್ತದೆ. ಸಂಡೂರಿನ ಬೆಟ್ಟವನ್ನು ಓರೆಯಾಗಿ ಹತ್ತುವ ದಾರಿಯಲ್ಲಿ ಏರು ಕಡಿಮೆ. ಹಾಗೆಂದು ಬೆಟ್ಟದ ಇಳಿಜಾರೇ ಕಡಿಮೆಯಾಗುವುದಿಲ್ಲ.

ಕಲ್ಲು ಸರಳಿನ ಅಕ್ಷದ ಸುತ್ತ ಸ್ವಲ್ಪ ಹೊರಳಿ ಅಂಚಿನ ಮೇಲೆ ಕೂರುವಂತಿರಬೇಕು ಎಂಬುದೊಂದೇ ಷರತ್ತು. ಕಲ್ಲಿನ ದಪ್ಪವನ್ನು ಲೆಕ್ಕಕ್ಕೆ ತಂದರೆ ಅಂಕೆಗಳು ಸ್ವಲ್ಪ ಬದಲಾಗುತ್ತವೆ, ತೀರ್ಮಾನ ಬದಲಾಗದು.

ಹೊರಬಾಗಿದ ಅಲಗಿನಲ್ಲಿ

ಬಾಗಿದ ಅಂಚಿನಲ್ಲಿ ಕಲ್ಲು ಆಯಾ ಬಿಂದುವಿನ ಸ್ಪರ್ಶಕದ ಗುಂಟ ಕೂರುತ್ತದೆ. ಹಾಗಾಗಿ ಪಾದದಿಂದ ಸ್ಪರ್ಶಕಕ್ಕೆ ಇರುವ ಲಂಬದೂರ ಕೋನವನ್ನು ನಿರ್ಧರಿಸುತ್ತದೆ. ಅಂಚು ಪಾದವನ್ನೇ ಕೇಂದ್ರವಾಗುಳ್ಳ ವೃತ್ತದ ಕಂಸವಾಗಿದ್ದರೆ ಲಂಬದೂರ ಎಲ್ಲೆಡೆ ಒಂದೇ, ಕೋನವೂ ಒಂದೇ.

ಸಾಮಾನ್ಯ ಚಾಕುಗಳ ಬಾಗು ಇದಕ್ಕಿಂತ ಕಿರಿದು. ನೇರ ಭಾಗದ ಮುಂದೆ 5 ಸೆಂ.ಮೀ. ತ್ರಿಜ್ಯದ ಬಾಗು ಇದೆ ಎನ್ನೋಣ. ಬಾಗು ಆರಂಭವಾಗುವ ಜಾಗಕ್ಕೆ ಎದುರಾಗಿ ಕ್ಲ್ಯಾಂಪ್ ಬಿಗಿದರೆ, ಅಂಚು 40° ತಿರುಗಿದಲ್ಲಿ ಲಂಬದೂರ 12.7 ಸೆಂ.ಮೀ., ಕೋನ 23.3°. ಕ್ಲ್ಯಾಂಪನ್ನು ಹಿಡಿಯ ಕಡೆಗೆ 10 ಸೆಂ.ಮೀ. ಸರಿಸಿದರೆ ಅಲ್ಲಿಯೇ ಲಂಬದೂರ 19.1 ಸೆಂ.ಮೀ., ಕೋನ 16°. ಸುಮಾರು 3.6 ಸೆಂ.ಮೀ. ಮಾತ್ರ ಸರಿಸಿದರೆ ಕೋನ ಸರಿಯಾಗಿ 20°. ನಡುವೆ 20° ತಿರುಗಿದಲ್ಲಿ 19.2°.

ಸಾಧನ, ಚಾಕು, ರಂಧ್ರ ಎಲ್ಲವೂ ಅವೇ. ಬದಲಾದದ್ದು ಬಿಗಿದ ಜಾಗ. ಆದರೂ ತುದಿಯ ಕಡೆ 7°ಗೂ ಮಿಕ್ಕಿದ ವ್ಯತ್ಯಾಸ ಬಂದಿದೆ! ಆದ್ದರಿಂದ ರಂಧ್ರದ ಪಕ್ಕದಲ್ಲಿ ಬರೆದ ಅಂಕೆ ರಂಧ್ರದ ಗುಣವಲ್ಲ. ಅದು ಅಲಗಿನ ಅಗಲ, ಆಕಾರ, ಬಿಗಿದ ಜಾಗ ಇವೆಲ್ಲವನ್ನೂ ಅವಲಂಬಿಸಿದೆ. ಬಳಕೆಯ ಸೂಚನೆಗಳಲ್ಲಿ ಇದಕ್ಕೇ ಮೊದಲ ಸ್ಥಾನ ಸಿಗಬೇಕು.

ಕುಡುಗೋಲಿನಲ್ಲಿ

ಒಳಬಾಗಿದ ಅಲಗಿನಲ್ಲಿ ತೊಂದರೆ ಇಮ್ಮಡಿ. 12 ಸೆಂ.ಮೀ. ತ್ರಿಜ್ಯದ ಕುಡುಗೋಲನ್ನು ಮಧ್ಯಭಾಗದಲ್ಲಿ 20° ಬರುವಂತೆ ಬಿಗಿದರೆ, ಅಂಚು 30° ತಿರುಗಿದಲ್ಲಿ ಕೋನ 25.6° ಆಗುತ್ತದೆ. ಜೊತೆಗೆ, 2.5 ಸೆಂ.ಮೀ. ಅಗಲದ ಚಪ್ಪಟೆ ಕಲ್ಲು ಎರಡು ಮೂಲೆಗಳಲ್ಲಿ ಮಾತ್ರ ತಗಲುತ್ತದೆ. ನಡುವೆ ಸುಮಾರು 0.65 ಮಿ.ಮೀ. ಸಂದು ಉಳಿಯುತ್ತದೆ. ಮೂಲೆಗಳು ಅಂಚನ್ನು ಗೀರುತ್ತವೆ. ಉರುಟು ಕಲ್ಲು ಬಳಸಿದರೆ ಎರಡನೆಯ ತೊಂದರೆ ತಪ್ಪುತ್ತದೆ, ಮೊದಲನೆಯದು ತಪ್ಪದು. ಕೈಯಲ್ಲಿ ಹಿಡಿದ ಕಲ್ಲಿಗೆ ಸ್ಥಿರವಾದ ರಂಧ್ರದ ಕಟ್ಟುಪಾಡಿಲ್ಲ. ಅದು ಬಾಗನ್ನು ಹಿಂಬಾಲಿಸಬಲ್ಲದು. ಕುಡುಗೋಲಿಗೆ ಪಳಗಿದ ಕೈಯೇ ಉತ್ತಮ ಸಾಧನ ಎನ್ನಲು ಇಲ್ಲಿ ಜ್ಯಾಮಿತಿಯ ಆಧಾರವಿದೆ.

ಹೊಳೆಯುವ ಪಟ್ಟಿ ಸಾಕ್ಷಿಯೇ?

ಸಾಣೆಯಾದ ಮೇಲೆ ಅಂಚಿನ ಹೊಳೆಯುವ ಪಟ್ಟಿ ತುದಿಯಲ್ಲಿ ಅಗಲವಾಗಿದ್ದರೆ, ಕೋನ ತಪ್ಪಿತು ಎಂದು ಹಲವರು ತೀರ್ಮಾನಿಸುತ್ತಾರೆ. ಅಂಚಿನ ಹಿಂದಿನ ಲೋಹದ ದಪ್ಪ 0.5 ಮಿ.ಮೀ. ಇದ್ದರೆ 20°ಯಲ್ಲಿ ಪಟ್ಟಿಯ ಅಗಲ 0.73 ಮಿ.ಮೀ.; 16°ಯಲ್ಲಿ 0.91 ಮಿ.ಮೀ. ಆದರೆ ಕೋನ ಬದಲಾಗದೆ ದಪ್ಪ ಹೆಚ್ಚಿದರೂ ಪಟ್ಟಿ ಅಗಲವಾಗುತ್ತದೆ. ದಪ್ಪವನ್ನು ಅಳೆಯದೆ, ಪಟ್ಟಿ ನೋಡಿ ಕೋನ ಹೇಳಲಾಗದು.

ತರಗತಿಯಲ್ಲಿ

ಇದನ್ನು ಹತ್ತನೆಯ ತರಗತಿಯ ಮಕ್ಕಳೇ ಪರಿಶೀಲಿಸಬಹುದು. ಹರಿತವಾದ ಅಲಗು ಬೇಡ, ರಟ್ಟಿನಲ್ಲಿ ಕತ್ತರಿಸಿದ ಚಾಕುವಿನ ಆಕಾರ ಸಾಕು. ಅದರ ಅಂಚನ್ನು ಗ್ರಾಫ್ ಹಾಳೆಯ ಮೇಲೆ ಎಳೆದು, ಪಾದದ ಬಿಂದು ಗುರುತಿಸಿ. ಅಂಚಿನ ಐದಾರು ಬಿಂದುಗಳಲ್ಲಿ ಸ್ಪರ್ಶಕ ಎಳೆದು, ಪಾದದಿಂದ ಅವುಗಳಿಗೆ ಲಂಬ ಇಳಿಸಿ ಅಳೆಯಿರಿ. ಎತ್ತರವನ್ನು ಪ್ರತಿ ಲಂಬದೂರದಿಂದ ಭಾಗಿಸಿ, ಟ್ಯಾನ್ ಕೋಷ್ಟಕದಿಂದ ಕೋನ ಓದಿ. ಪಾದವನ್ನು ಸರಿಸಿ ಮತ್ತೆ ಲೆಕ್ಕ ಹಾಕಿ.

ನೇರ ಮತ್ತು ಸ್ವಲ್ಪ ಹೊರಬಾಗಿದ ಅಲಗುಗಳಿಗೆ ಈ ಸಾಧನ ಒಳ್ಳೆಯದೇ, ಬಿಗಿಯುವ ಜಾಗವನ್ನು ಲೆಕ್ಕ ಮಾಡಿ ಆರಿಸಿದರೆ. ಯಾವ ಕೋನವನ್ನು ಅಳೆಯುತ್ತಿದ್ದೇವೆ ಎಂದು ಮೊದಲು ಕೇಳುವ ವಿದ್ಯಾರ್ಥಿ ಹೊಗಳಿಕೆಗೂ ಮರುಳಾಗುವುದಿಲ್ಲ, ತೆಗಳಿಕೆಗೂ ಮರುಳಾಗುವುದಿಲ್ಲ.