ಪ್ರತಿಭೆ ಇಲ್ಲದ ಮಗುವಿಗೆ ಕತೆಯಲ್ಲಿ ಜಾಗವೆಲ್ಲಿ?

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲೂಕುಗಳು ಕಂದಾಯದ ಲೆಕ್ಕದಲ್ಲಿ ತುಮಕೂರು ಜಿಲ್ಲೆಗೆ ಸೇರಿದವು. ಶಾಲೆಯ ಲೆಕ್ಕದಲ್ಲಿ ಮಾತ್ರ ಇವು ನಾಲ್ಕೂ ಸೇರಿ ಮಧುಗಿರಿ ಎಂಬ ಬೇರೆಯೇ ಶೈಕ್ಷಣಿಕ ಜಿಲ್ಲೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ ಈ ಜಿಲ್ಲೆ ರಾಜ್ಯದಲ್ಲಿ ಎಷ್ಟನೆಯದು ಎಂದು ಪತ್ರಿಕೆಗಳು ಅಚ್ಚು ಹಾಕುತ್ತವೆ. ಅಕ್ಷರ ಕೂಡಿಸಲಾಗದೆ ಐದನೆಯ ತರಗತಿಗೋ ಏಳನೆಯದಕ್ಕೋ ಶಾಲೆ ಬಿಟ್ಟ ಮಗು ಆ ಪಟ್ಟಿಗೆ ಬರುವುದೇ ಇಲ್ಲ. ಪಟ್ಟಿಯಿಂದ ಜಾರಿಹೋದ ಈ ಮಗುವನ್ನು ನಾವು ನೋಡುವ ಸಿನಿಮಾಗಳು, ಹೇಳುವ ಕತೆಗಳು ಹೇಗೆ ಕಂಡಿವೆ ಎಂಬುದು ನನ್ನ ಪ್ರಶ್ನೆ.

ಈ ಸೀಮೆಯಲ್ಲಿ ಇಂಥ ಮಗುವಿಗೆ ಮೂರು ಭಾಷೆಗಳಲ್ಲಿ ಹೆಸರಿದೆ. ಕನ್ನಡದಲ್ಲಿ 'ಪೆದ್ದ'. ಪಾವಗಡದ ತೆಲುಗಿನಲ್ಲಿ 'ವೆರ್ರಿಬಾಗುಲವಾಡು'. ಮುಸ್ಲಿಮರ ಮನೆಯ ಉರ್ದುವಿನಲ್ಲಿ 'ಅಲ್ಲಾ ಮಿಯಾಂ ಕೀ ಗಾಯ್', ಅಂದರೆ ದೇವರ ಹಸು. ಈ ಕೊನೆಯ ಮಾತಿನಲ್ಲಿ ಕರುಣೆಯಿದೆ, ನಿಜ. ಆದರೆ ದೇವರ ಹಸುವನ್ನು ಯಾರೂ ಶಾಲೆಗೆ ಕಳಿಸುವುದಿಲ್ಲ.

ಕೆ. ವಿಶ್ವನಾಥ್ ಅವರ 1986ರ ತೆಲುಗು ಚಿತ್ರ 'ಸ್ವಾತಿ ಮುತ್ಯಂ' ಇಂಥದೇ ಒಂದು ದೇವರ ಹಸುವಿನ ಕತೆ. ಕಮಲಹಾಸನ್ ನಟಿಸಿದ ಶಿವಯ್ಯನನ್ನು 2003ರಲ್ಲಿ ಸುದೀಪ್ 'ಸ್ವಾತಿ ಮುತ್ತು' ಚಿತ್ರದಲ್ಲಿ ಕನ್ನಡಕ್ಕೆ ತಂದರು. ಬುದ್ಧಿ ಬೆಳೆಯದ ಗಂಡಸೊಬ್ಬ ವಿಧವೆಗೆ ತಾಳಿ ಕಟ್ಟುವ ಈ ಕತೆಯಲ್ಲಿ ಸಮಾಜ ಸುಧಾರಣೆಯ ಆಸೆಯಿದೆ, ನಟನೆ ಮನ ಕಲಕುತ್ತದೆ. ಆದರೆ ಅವನು ಅಷ್ಟೊಂದು ನಿರ್ಮಲನಾಗಿ ಕಾಣುವುದರಿಂದ, ಅವನಿಗೆ ಏನಾಗಿದೆ, ಏನು ಕಲಿಸಬಹುದಿತ್ತು ಎಂದು ಕೇಳುವ ಅಗತ್ಯವೇ ಯಾರಿಗೂ ಬರುವುದಿಲ್ಲ.

ಹಿಂದಿ ಸಿನಿಮಾ ಇನ್ನೊಂದು ದಾರಿ ಹಿಡಿಯಿತು. 2003ರ 'ಕೋಯಿ ಮಿಲ್ ಗಯಾ' ಚಿತ್ರದ ರೋಹಿತನ ಕೊರತೆಗೆ ತಾಯಿ ಬಸುರಿಯಾಗಿದ್ದಾಗ ಆದ ಅಪಘಾತ ಕಾರಣ. ಅನ್ಯಗ್ರಹದ ಜೀವಿಯ ಶಕ್ತಿ ಪರಿಹಾರ. 2007ರ 'ತಾರೇ ಜಮೀನ್ ಪರ್' ಇದಕ್ಕಿಂತ ಎಷ್ಟೋ ದೊಡ್ಡ ಕೆಲಸ ಮಾಡಿತು. ಆಗ ಜಾರಿಯಲ್ಲಿದ್ದ 1995ರ ಅಂಗವಿಕಲರ ಕಾಯ್ದೆಯಲ್ಲಿ ಡಿಸ್ಲೆಕ್ಸಿಯಾಕ್ಕೆ ಜಾಗವಿರಲಿಲ್ಲ. ಕಾನೂನಿಗಿಂತ ಮೊದಲು ಆ ಪದವನ್ನು ಮನೆಮನೆಗೆ ಮುಟ್ಟಿಸಿದ್ದು ಈ ಚಿತ್ರ. ಓದಲು ತಡವರಿಸುವುದು ಸೋಮಾರಿತನವಲ್ಲ, ಬುದ್ಧಿಯ ಕೊರತೆಯೂ ಅಲ್ಲ ಎಂದು ಅನೇಕ ತಂದೆತಾಯಿಗಳಿಗೆ ಹೊಳೆದದ್ದು ಇಶಾನನನ್ನು ನೋಡಿದ ಮೇಲೆ.

ಆದರೂ ಕೊನೆಗೆ ಇಶಾನ ಗೆಲ್ಲುವುದು ಚಿತ್ರಕಲಾ ಸ್ಪರ್ಧೆಯಲ್ಲಿ. ಅವನ ಮೇಷ್ಟ್ರು ಐನ್‌ಸ್ಟೈನ್, ಎಡಿಸನ್‌ರ ಹೆಸರು ಹೇಳಿ ಮಕ್ಕಳನ್ನು ಒಪ್ಪಿಸುತ್ತಾರೆ. 2010ರ 'ಮೈ ನೇಮ್ ಈಸ್ ಖಾನ್' ಚಿತ್ರದ ರಿಜ್ವಾನನಿಗೂ ಕೆಟ್ಟ ಯಂತ್ರಗಳನ್ನು ರಿಪೇರಿ ಮಾಡುವ ಅಸಾಧಾರಣ ಕೈಚಳಕವಿದೆ. ಇದೊಂದು ಬಗೆಯ ಚೌಕಾಸಿ. ಒಂದು ಕಡೆ ಕೊರತೆಯಿದ್ದರೆ ಇನ್ನೊಂದು ಕಡೆ ಅದಕ್ಕೆ ಬೆಲೆ ತುಂಬಿಕೊಡು, ಆಗ ನಿನ್ನನ್ನು ನಮ್ಮವನೆಂದು ಒಪ್ಪುತ್ತೇವೆ ಎನ್ನುವ ಚೌಕಾಸಿ. ಓದಲೂ ಬಾರದ, ಬಣ್ಣ ಹಚ್ಚಲೂ ಬಾರದ ಕೊರಟಗೆರೆಯ ಹುಡುಗಿಯೊಬ್ಬಳು ಏನು ಕೊಟ್ಟು ಜಾಗ ಕೊಳ್ಳಬೇಕು?

ಈ ಕತೆಗಳು ಮುಟ್ಟಲು ಅಂಜುವ ಇನ್ನೊಂದು ಸಂಗತಿ ಅನುವಂಶೀಯತೆ. ಮನೆಗಳಲ್ಲಿ ಮಾತ್ರ ಅದೇ ಮೊದಲ ಮಾತು: 'ಇದು ಯಾರ ಕಡೆಯಿಂದ ಬಂತು?' ಕೇಳುವವರು ಸಾಮಾನ್ಯವಾಗಿ ಗಂಡನ ಮನೆಯವರು, ತಲೆ ತಗ್ಗಿಸುವವಳು ಸೊಸೆ. ಓದಿದವರ ಲೋಕವೂ ಇದಕ್ಕೆ ಹೊರತಲ್ಲ. ತಾಯಿಯ ತಣ್ಣನೆಯ ಮಮತೆಯೇ ಆಟಿಸಂಗೆ ಕಾರಣವೆಂಬ ಮಾತನ್ನು ಅಮೆರಿಕದ ಬ್ರೂನೋ ಬೆಟೆಲ್‌ಹೈಮ್ 1967ರಲ್ಲಿ ಪುಸ್ತಕ ಬರೆದು ಹರಡಿದರು. ಮುಂದೆ ಅದು ಸುಳ್ಳೆಂದು ಸಾಬೀತಾಯಿತು. ಆಟಿಸಂನಲ್ಲಿ ಜೀನುಗಳ ಪಾತ್ರ ದೊಡ್ಡದು, ಅದೂ ಒಂದಲ್ಲ, ನೂರಾರು ಜೀನುಗಳದ್ದು.

ವಿಜ್ಞಾನ ಹೇಳುವುದನ್ನು ಸರಳವಾಗಿ ಹೀಗೆ ಹೇಳಬಹುದು. ಡೌನ್ ಸಿಂಡ್ರೋಮ್‌ಗೆ 21ನೆಯ ವರ್ಣತಂತು ಎರಡರ ಬದಲು ಮೂರು ಇರುವುದು ಕಾರಣವೆಂದು 1959ರಲ್ಲೇ ಗೊತ್ತಾಯಿತು. ಬಹುಪಾಲು ಅದು ವಂಶದಿಂದ ಬಂದದ್ದಲ್ಲ, ಜೀವಕೋಶ ಒಡೆಯುವಾಗ ನಡೆಯುವ ಆಕಸ್ಮಿಕ. ಇನ್ನು ಕೆಲವು ತೊಂದರೆಗಳು ತಂದೆ, ತಾಯಿ ಇಬ್ಬರೂ ಒಂದೇ ದೋಷದ ಜೀನನ್ನು ತಮಗರಿವಿಲ್ಲದೆ ಹೊತ್ತಿದ್ದಾಗ ಮಾತ್ರ ಬರುತ್ತವೆ. ಆಗ ಪ್ರತಿ ಬಸಿರಲ್ಲೂ ನಾಲ್ಕರಲ್ಲಿ ಒಂದು ಸಂಭವ. ಇಲ್ಲಿ ತಾಯಿಯ ಪಾಲು ಎಷ್ಟೋ ತಂದೆಯ ಪಾಲೂ ಅಷ್ಟೇ.

ಸಂಬಂಧದೊಳಗಿನ ಮದುವೆಯ ಮಾತು ಬರುವುದು ಇಲ್ಲಿಯೇ. ಅದನ್ನು ಮುಸ್ಲಿಮರ ಚಾಳಿ ಎಂದು ಆಡಿಕೊಳ್ಳುವವರಿದ್ದಾರೆ. 1980ರ ದಶಕದಲ್ಲಿ ಎನ್. ಅಪ್ಪಾಜಿರಾವ್, ರಾಧಾ ರಮಾದೇವಿ ಮತ್ತು ಎ.ಎಚ್. ಬಿಟಲ್ಸ್ ಬೆಂಗಳೂರು, ಮೈಸೂರುಗಳಲ್ಲಿ ನಡೆಸಿದ ಅಧ್ಯಯನಗಳು ಬೇರೆಯದನ್ನು ಹೇಳುತ್ತವೆ. ಸುಮಾರು ಮೂರರಲ್ಲಿ ಒಂದು ಮದುವೆ ರಕ್ತಸಂಬಂಧದೊಳಗಿನದು. ಹಿಂದೂಗಳಲ್ಲಿ ಅಕ್ಕನ ಮಗಳನ್ನು ತರುವ ರೂಢಿ, ಮುಸ್ಲಿಮರಲ್ಲಿ ಅದು ನಿಷಿದ್ಧ, ಆದರೆ ಒಡಹುಟ್ಟಿದವರ ಮಕ್ಕಳ ನಡುವೆ ಮದುವೆಯುಂಟು. ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನಲ್ಲಿ ನಡೆದ, 2013ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಇಂಥ ದಂಪತಿಗಳಲ್ಲಿ ಹುಟ್ಟಿನಿಂದ ಬರುವ ದೋಷಗಳ ಸಂಭವ ನೂರಕ್ಕೆ 3ರಿಂದ 6ಕ್ಕೆ ಏರುತ್ತದೆ. ಅಂದರೆ ಅಪಾಯ ಇಮ್ಮಡಿಯಾಗುತ್ತದೆ. ಆದರೂ ಹೆಚ್ಚಿನ ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತಾರೆ. ಈ ಎರಡು ಮಾತುಗಳನ್ನೂ ಒಟ್ಟಿಗೆ ಹೇಳಬೇಕು. ನಿಕಾಹ್ ಮಾಡಿಸುವವರೂ ಲಗ್ನ ಕೂಡಿಸುವವರೂ ಇದನ್ನು ಹೇಳಿದರೆ ಒಳ್ಳೆಯದು.

ಹಾಗೆಂದು ಜೀನನ್ನು ಹೊಸ ಹಣೆಬರಹ ಮಾಡಿಕೊಳ್ಳಬಾರದು. ಹುಟ್ಟಿನಿಂದಲೇ ಥೈರಾಯ್ಡ್ ಕೊರತೆಯಿರುವ ಕೂಸಿಗೆ ಮೊದಲ ವಾರಗಳಲ್ಲೇ ಮಾತ್ರೆ ಶುರುವಾದರೆ ಬುದ್ಧಿ ಕುಂಠಿತವಾಗುವುದು ತಪ್ಪುತ್ತದೆ. ಪಾವಗಡದ ಬೋರ್‌ವೆಲ್ ನೀರಿನ ಫ್ಲೋರೈಡ್ ಹಲ್ಲು, ಮೂಳೆಗಳನ್ನು ಕೆಡಿಸುವುದು ಎಲ್ಲರಿಗೂ ಗೊತ್ತು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ಫ್ಲೋರೈಡಿಗೂ ಮಕ್ಕಳ ಬುದ್ಧಿಮಟ್ಟ ತಗ್ಗುವುದಕ್ಕೂ ನಂಟು ಕಾಣುತ್ತದೆಂದು 2024ರಲ್ಲಿ ಅಮೆರಿಕದ ಸರ್ಕಾರಿ ವಿಜ್ಞಾನ ಸಂಸ್ಥೆಯೊಂದು ಹೇಳಿದೆ. ಮನೆಯಲ್ಲಿ ತೆಲುಗೋ ಉರ್ದುವೋ ಆಡಿ, ಶಾಲೆಯಲ್ಲಿ ಕನ್ನಡದ ಕಾಗುಣಿತ, ಒತ್ತಕ್ಷರಗಳ ಮುಂದೆ ತಡವರಿಸುವ ಮಗುವಿಗೆ ಕಷ್ಟ ಭಾಷೆಯದೋ ಡಿಸ್ಲೆಕ್ಸಿಯಾದ್ದೋ ಎಂದು ಬಿಡಿಸಿ ನೋಡುವವರು ಬೇಕು. ಎಲ್ಲವನ್ನೂ ರಕ್ತದ ಮೇಲೆ ಹಾಕಿದರೆ ನೀರು ಕೊಡಬೇಕಾದವರೂ ಕಲಿಸಬೇಕಾದವರೂ ನಿರಾಳವಾಗಿ ನಿದ್ದೆ ಮಾಡಬಹುದು.

2016ರ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿತು. ಕಲಿಕೆಯ ತೊಂದರೆ, ಆಟಿಸಂಗಳೂ ಅದರಲ್ಲಿವೆ. ಸಿನಿಮಾ ಕೂಡ ಒಂದು ಹೆಜ್ಜೆ ಮುಂದೆ ಹೋಗಿದೆ. 2025ರ 'ಸಿತಾರೇ ಜಮೀನ್ ಪರ್' ಚಿತ್ರದಲ್ಲಿ ಇಂಥ ಪಾತ್ರಗಳನ್ನು ಇಂಥ ಬದುಕಿನವರೇ ಮಾಡಿದ್ದಾರೆ. ಬಾಸ್ಕೆಟ್‌ಬಾಲ್ ಫೈನಲ್ಲಿನಲ್ಲಿ ಸೋತೂ ಅವರು ಕುಣಿಯುತ್ತಾರೆ. ಅದು ಸ್ಪ್ಯಾನಿಷ್ ಚಿತ್ರವೊಂದರ ರೀಮೇಕ್, ಬೋಧನೆಯೂ ತುಸು ಹೆಚ್ಚೇ. ಆದರೂ ಗೆಲುವಿನ ಚೌಕಾಸಿಯನ್ನು ಅದು ಕೈಬಿಟ್ಟಿತಲ್ಲ, ಅದೇ ಸಮಾಧಾನ.

ನಮ್ಮ ಕತೆಗಾರರಿಗೆ ಇನ್ನೂ ಒಂದು ಕೆಲಸ ಉಳಿದಿದೆ. ಮನೆಗೆ ಹೆಣ್ಣು ನೋಡಲು ಬಂದ ದಿನ ಅಕ್ಕನ ಸಂಬಂಧ ತಪ್ಪೀತೆಂದು ತಮ್ಮನನ್ನು ಹಿತ್ತಲ ಕೋಣೆಗೆ ಸೇರಿಸಿ ಚಿಲಕ ಹಾಕುವ ಮನೆಗಳು ಎಲ್ಲ ಜಾತಿ ಧರ್ಮಗಳಲ್ಲೂ ಇವೆ. ಆ ಕೋಣೆಯ ಒಳಗಿನಿಂದ ಯಾರಾದರೂ ಕತೆ ಬರೆಯಬೇಕು. ಅದರಲ್ಲಿ ಹುಡುಗ ಚಿತ್ರ ಬಿಡಿಸಿ ಬಹುಮಾನ ತರಬೇಕಿಲ್ಲ. ಸಂತೆಯಲ್ಲಿ ಚಿಲ್ಲರೆ ಎಣಿಸಲು ಕಲಿತರೆ ಸಂತೋಷ. ಕಲಿಯದಿದ್ದರೂ ಬಂದವರ ಎದುರು, ನಡುಮನೆಯಲ್ಲಿ ಅಕ್ಕನ ಪಕ್ಕ ಅವನು ಕೂತಿರಲಿ.