ಕುಣಿಸುವ ವಾದ್ಯ

ಬಂಗಾರಪೇಟೆಯಿಂದ ಮಾರಿಕುಪ್ಪಕ್ಕೆ ಹೋಗುವ ರೈಲಿನ ಕವಲುದಾರಿಯ ಮೇಲಿನ ಕೋಲಾರದ ಚಿನ್ನದ ಗಣಿಗಳಲ್ಲಿ ಆಂಗ್ಲೋ-ಇಂಡಿಯನ್ ಕುಟುಂಬಗಳ ನರ್ತನಕೂಟಗಳು ಒಂದು ಕಾಲಕ್ಕೆ ಹೆಸರಾಗಿದ್ದುವು. ಅಂಥ ಕೂಟಗಳ ಸಂಗೀತವನ್ನು ನಮ್ಮ ರಸಿಕರು ಗದ್ದಲವೆಂದು ತಳ್ಳಿಹಾಕುವುದುಂಟು. ಈ ತೀರ್ಪು ಅವಸರದ್ದು.

ಗಣಿಗಳು ಮೈಸೂರು ಸರ್ಕಾರದ ವಶವಾದ 1956ರಲ್ಲಿಯೇ ಅಮೆರಿಕೆಯಲ್ಲಿ ಬಿಲ್ ಡಾಗೆಟ್ಟನ ‘ಹಾಂಕಿ ಟಾಂಕ್’ ಎಂಬ ಗ್ರಾಮಫೋನ್ ತಟ್ಟೆ ಹೊರಬಂದಿತು. ಅದರ ಎರಡನೆಯ ಮಗ್ಗುಲಲ್ಲಿ ಕ್ಲಿಫರ್ಡ್ ಸ್ಕಾಟನ ಸಾಕ್ಸೋಫೋನೇ ನಾಯಕ. 12 ಖಂಡಗಳ ಆವರ್ತವು ಮರಳಿ ಮರಳಿ ಬರುತ್ತದೆ, ಆಲಾಪನೆಯ ವಿಸ್ತಾರವಿಲ್ಲ. (ಮದುವೆಯ ಮೆರವಣಿಗೆಯಲ್ಲಿ ಅದನ್ನು ಬೇಡುವವರು ಯಾರು?) ಆದರೆ ಒಂದು ಚಿಕ್ಕ ಸಂಚಾರವನ್ನೇ ತುಸು ಒರಟಾಗಿಸಿ, ತುಸು ಜಾರಿಸಿ, ಆಡುಮಾತಿನ ಏರಿಳಿತದಲ್ಲಿ ನುಡಿಸುವ ಉಸಿರಿನ ಹದ ಸುಲಭಸಾಧ್ಯವಲ್ಲ, ಲಯವೂ ಎಲ್ಲಿಯೂ ಧಾವಿಸದು. ಅನುಕರಿಸಿದವರಲ್ಲಿ ಅನೇಕರು ಕಿರುಚನ್ನು ಕಲಿತರು, ತಾಳ್ಮೆಯನ್ನು ಕಲಿಯಲಿಲ್ಲ. ಗದ್ದಲವೆಂಬ ಅಪವಾದವು ಸಲ್ಲತಕ್ಕದ್ದು ಅವರಿಗೆ.

ನಾಗಸ್ವರದ ಮನೆತನದ ಕದ್ರಿ ಗೋಪಾಲನಾಥರು ಇದೇ ವಾದ್ಯದಲ್ಲಿ ಗಮಕಗಳನ್ನು ನುಡಿಸಿದಾಗ ನಮ್ಮ ಸಭೆಗಳು ತಲೆದೂಗಿದುವು. ಅಲ್ಲಿ ಜಾರು ಗುಣವಾದರೆ ಇಲ್ಲಿ ದೋಷವಾಗುವುದು ಹೇಗೆ? ಕೇಳುವವರು ಕುಳಿತಿದ್ದಾರೆಯೋ ಕುಣಿಯುತ್ತಿದ್ದಾರೆಯೋ ಎಂಬುದೊಂದೇ ಭೇದವಷ್ಟೆ.