ಯಾಸೀನ್ ಬುವಾಳ ಕಫನ್

ನಮ್ಮ ದಾದಿಯ ತಗಡಿನ ಪೆಟ್ಟಿಗೆಯ ತಳದಲ್ಲಿ ಒಂದು ಬಿಳಿ ಗಂಟು ಇತ್ತು. ವರ್ಷಕ್ಕೊಮ್ಮೆ ಅದನ್ನು ಬಿಚ್ಚಿ ಬಿಸಿಲಿಗೆ ಹಾಕುತ್ತಿದ್ದರು. ಐದು ತುಂಡು ಬಟ್ಟೆ, ಕರ್ಪೂರ, ಒಂದು ಸೀಸೆ ಅತ್ತರು, ಗೋರಿ ತೋಡುವವನಿಗೆಂದು ಕರವಸ್ತ್ರದಲ್ಲಿ ಕಟ್ಟಿಟ್ಟ ದುಡ್ಡು. ಮಕ್ಕಳಾದ ನಾವು ಮುಟ್ಟಲು ಹೋದರೆ, "ಅದು ನನ್ನ ಮದುವೆ ಜೋಡು, ಬಿಡ್ರೋ" ಎಂದು ನಗುತ್ತಿದ್ದರು.

ಬಾನು ಮುಷ್ತಾಕರ ಕಫನಿನ ಕಥೆ ಓದುವಾಗ ಆ ಪೆಟ್ಟಿಗೆ ನೆನಪಾಯಿತು. 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪಡೆದ 'ಹಾರ್ಟ್ ಲ್ಯಾಂಪ್'ನಲ್ಲಿ ದೀಪಾ ಭಾಸ್ತಿಯವರು ಇಂಗ್ಲಿಷಿಗೆ ತಂದಿರುವ 12 ಕಥೆಗಳಲ್ಲಿ ಇದೂ ಒಂದು. ದುಡಿದು ತಿನ್ನುವ ಯಾಸೀನ್ ಬುವಾ, ಹಜ್ಜಿಗೆ ಹೊರಟ ಶ್ರೀಮಂತೆ ಶಾಜಿಯಾಳ ಕೈಗೆ ಕೂಡಿಟ್ಟ ಹಣ ಕೊಟ್ಟು, ಝಮ್‌ಝಮ್ ನೀರಿನಲ್ಲಿ ಅದ್ದಿದ ಕಫನ್ ತರಲು ಹೇಳುತ್ತಾಳೆ. ಶಾಜಿಯಾ ತರುವುದಿಲ್ಲ. ಬುವಾ ತೀರಿಕೊಂಡಾಗ ಅವಳ ಮಗ ಬಂದು ಕಫನ್ ಕೇಳುತ್ತಾನೆ.

ಇದನ್ನು ಉಳ್ಳವಳ ಪಶ್ಚಾತ್ತಾಪದ ಕಥೆಯೆಂದು ಓದುವುದು ಸುಲಭ. ನನಗೆ ಮುಖ್ಯವೆನಿಸಿದ್ದು ಬುವಾಳ ತಯಾರಿ. 1935ರಲ್ಲಿ ಉರ್ದುವಿನಲ್ಲಿ ಪ್ರಕಟವಾದ ಪ್ರೇಮಚಂದರ 'ಕಫನ್' ಪಕ್ಕದಲ್ಲಿಟ್ಟು ನೋಡಿ. ಹೆರಿಗೆ ನೋವಿನಲ್ಲಿ ಸತ್ತ ಬುಧಿಯಾಳ ಕಫನಿಗೆಂದು ಊರವರು ಕೊಟ್ಟ ಹಣವನ್ನು ಗಂಡ ಮಾಧವ, ಮಾವ ಘೀಸು ಕುಡಿದು ತೀರಿಸುತ್ತಾರೆ. ಅಲ್ಲಿ ಬಡವಳ ಕಫನ್ ಊರಿನ ದಾನ. ಬುವಾ ದಾನಕ್ಕೆ ಕಾಯಲಿಲ್ಲ. ಜೀವನವಿಡೀ ಅವರಿವರ ಲೆಕ್ಕದಲ್ಲಿ ಬದುಕಿದ ಹೆಂಗಸು ತನ್ನ ಕೊನೆಯ ಬಟ್ಟೆಯನ್ನು ತಾನೇ ಆರಿಸಿ, ತನ್ನ ದುಡ್ಡಿನಲ್ಲೇ ಪಡೆಯಲು ಹೊರಟಿದ್ದಳು.

ಝಮ್‌ಝಮ್‌ನಲ್ಲಿ ಅದ್ದಿದ ಕಫನಿಗೆ ಶರೀಅತ್‌ನಲ್ಲಿ ಆಧಾರವೆಲ್ಲಿದೆ ಎಂದು ಮಿತ್ರರೊಬ್ಬರು ಕೇಳಿದರು. ನೀರಿನ ಮಾತು ಹಾಗಿರಲಿ, ಕಫನನ್ನು ಮೊದಲೇ ಎತ್ತಿಡುವುದು ಹೊಸದೇನಲ್ಲ. ಬುಖಾರಿಯಲ್ಲಿ ಅದಕ್ಕೆಂದೇ ಒಂದು ಅಧ್ಯಾಯವಿದೆ. ಹೆಂಗಸೊಬ್ಬಳು ತಾನೇ ನೇಯ್ದು ಪ್ರವಾದಿಯವರಿಗೆ (ಸ) ಕೊಟ್ಟ ಹೊದಿಕೆಯನ್ನು ಸಹಾಬಿಯೊಬ್ಬರು ಕೇಳಿ ಪಡೆದರು. ಉಳಿದವರು ಆಕ್ಷೇಪಿಸಿದಾಗ, ಕಫನಿಗಾಗಿ ಕೇಳಿದೆ ಎಂದರು. ಕೊನೆಗೆ ಅದೇ ಅವರ ಕಫನಾಯಿತು. ಹಳೆಯ ಬಟ್ಟೆಯೇ ತಮಗೆ ಸಾಕು, ಹೊಸದು ಬದುಕಿರುವವರಿಗಿರಲಿ ಎಂದು ಹಝ್ರತ್ ಅಬೂಬಕರ್ ಹೇಳಿದ್ದೂ ಅದೇ ಗ್ರಂಥದಲ್ಲಿದೆ. ಎರಡಕ್ಕೂ ಜಾಗವಿದೆ. ಆದರೆ ವಹಿಸಿಕೊಂಡ ಮೇಲೆ ಅದು ಅಮಾನತ್. ಬುವಾಳ ನಂಬಿಕೆಯನ್ನು ಅಜ್ಞಾನವೆಂದು ತಳ್ಳಿಹಾಕುವವರು ಗೊತ್ತಿದ್ದೋ ಗೊತ್ತಿಲ್ಲದೆಯೋ ಶಾಜಿಯಾಳ ಪರ ವಕಾಲತ್ತು ವಹಿಸುತ್ತಾರೆ.

ಕಥೆಯ ಮೇಲೆ ನನಗೊಂದು ತಕರಾರಿದೆ. ಅದು ಹೆಚ್ಚಾಗಿ ಶಾಜಿಯಾಳ ಮನಸ್ಸಿನಲ್ಲೇ ಉಳಿಯುತ್ತದೆ. ಅವಳ ಕಣ್ಣೀರು ನಿಜವಾದದ್ದೇ, ಲೇಖಕಿ ಅವಳನ್ನು ಬೈದು ಕೈತೊಳೆದುಕೊಳ್ಳುವುದಿಲ್ಲ, ಅದು ದೊಡ್ಡತನ. ಆದರೂ ಬುವಾ ನಮಗೆ ದಕ್ಕುವುದು ಶಾಜಿಯಾಳ ಅಪರಾಧಪ್ರಜ್ಞೆಯ ಮೂಲಕವೇ. ನೋಟು ಎಣಿಸುವಾಗ ಬುವಾ ಏನು ಯೋಚಿಸಿದಳು, ಯಾವ ಖರ್ಚನ್ನು ಮುಂದೂಡಿದಳು? ಕಥೆಗಾರನಾದ ನನಗೆ ಆ ರಾತ್ರಿ ಅವಳ ಮನೆಯೊಳಗೆ ಕೂರಬೇಕೆನಿಸಿತು.

ಇದನ್ನು ಕೇಳುವ ಹಕ್ಕು ನನಗೆಷ್ಟಿದೆಯೋ. ದಾದಿ ತೀರಿಕೊಂಡದ್ದು 2017ರಲ್ಲಿ. ಕರವಸ್ತ್ರ ಬಿಚ್ಚಿದರೆ ಐನೂರರ ಎರಡು ನೋಟು, ಹಿಂದಿನ ನವೆಂಬರಿನಲ್ಲಿ ರದ್ದಾದವು. ಬ್ಯಾಂಕಿನ ಸಾಲಿನಲ್ಲಿ ನಿಂತ ಆ ದಿನಗಳಲ್ಲಿ ದಾದಿಯ ಗಂಟು ನಮ್ಮಲ್ಲಿ ಯಾರಿಗೂ ನೆನಪಾಗಿರಲಿಲ್ಲ. ಗೋರಿ ತೋಡಿದವನಿಗೆ ಅಬ್ಬಾ ತಮ್ಮ ಜೇಬಿನಿಂದ ಕೊಟ್ಟರು.